ಐರನ್ ಹಾರ್ವೆಸ್ಟ್: ಮೂರೂ ಸೈನ್ಯ ಆಡಿ ನೋಡಿದ ಮೇಲೆ

ಐರನ್ ಹಾರ್ವೆಸ್ಟ್ ಎಂಬ ಕಂಪ್ಯೂಟರ್ ಯುದ್ಧದಾಟ 2020ರ ಸೆಪ್ಟೆಂಬರ್ 1ರಂದು ಬಂತು. 1939ರಲ್ಲಿ ಜರ್ಮನಿ ಪೋಲೆಂಡ್ ಮೇಲೆ ದಾಳಿ ಮಾಡಿದ್ದೂ ಸೆಪ್ಟೆಂಬರ್ 1ರಂದೇ. ಪೋಲೆಂಡಿನ ಕಲಾವಿದ ಯಾಕುಬ್ ರೊಜಾಲ್ಸ್ಕಿಯವರ ಚಿತ್ರಗಳಿಂದ ಹುಟ್ಟಿದ ಲೋಕ ಇದು. ಹೊಲದಲ್ಲಿ ರೈತರ ಕೊಯ್ಲು, ಹಿಂದೆ ಉಕ್ಕಿನ ಕಾಲುಗಳ ಮೇಲೆ ನಡೆಯುವ ಯುದ್ಧಯಂತ್ರ, ಅಂದರೆ ಮೆಕ್. ಮೊದಲ ಮಹಾಯುದ್ಧ ಮುಗಿದ ನಂತರದ, ನಡೆಯದೇ ಇದ್ದ ಒಂದು 1920ರ ದಶಕ.

ಯಾವ ಸೈನ್ಯ ಆರಿಸಿಕೊಳ್ಳುವುದು? ಸ್ಯಾಕ್ಸನಿ, ರಸ್ವಿಯೆಟ್, ಪೊಲಾನಿಯಾ ಮೂರನ್ನೂ ಸಾಕಷ್ಟು ಆಡಿದ್ದೇನೆ. ಆಮೇಲೆ ಸೇರಿದ ನಾಲ್ಕನೇ ಸೈನ್ಯ ಉಸೋನಿಯಾ ಜಾಸ್ತಿ ಆಡಿಲ್ಲ, ಅದಕ್ಕೇ ಬಿಟ್ಟಿದ್ದೇನೆ.

ಶುರು ಮಾಡಿದ್ದು ಸ್ಯಾಕ್ಸನಿಯಿಂದ. ಹೊಸಬರಿಗೆ ಇದೇ ಸುಲಭ. ಕವಚ ದಪ್ಪ, ಫಿರಂಗಿ ಜೋರು. ಈಸೆಗ್ರಿಮ್ ಮೆಕ್ಕನ್ನು ದಾರಿಗೆ ಅಡ್ಡ ನಿಲ್ಲಿಸಿ, ಹಿಂದೆ ರಿಪೇರಿಗೆ ಇಂಜಿನಿಯರ್‌ಗಳನ್ನು ಇಟ್ಟರೆ ಆ ಕಡೆ ಚಿಂತೆಯಿಲ್ಲ. ಸ್ಟೀಫ್‌ಮುಟರ್ ಮೆಕ್ ದೂರದಿಂದಲೇ ಗುಂಡು ಸುರಿಸುತ್ತದೆ. ಆದರೆ ನಡಿಗೆ ನಿಧಾನ. ನಕ್ಷೆಯ ಆಚೆ ತುದಿಯ ಎಣ್ಣೆ ಪಂಪು ಕೈಬಿಟ್ಟು ಹೋಗುತ್ತಿದ್ದರೂ ಸುಮ್ನೆ ನೋಡುತ್ತಾ ಕೂರಬೇಕಾಗುತ್ತದೆ.

ರಸ್ವಿಯೆಟ್ ಹತ್ತಿರ ಬಂದು ಹೊಡೆಯುವ ಸೈನ್ಯ. ಹಳ್ಳಿಗಳಿರುವ ನಕ್ಷೆಯಲ್ಲಿ ಇದನ್ನು ತಡೆಯುವುದು ಕಷ್ಟ, ಯಾಕೆಂದರೆ ಮೆಕ್‌ಗಳು ಮನೆಗಳನ್ನೇ ಒಡೆದುಕೊಂಡು ನುಗ್ಗುತ್ತವೆ. ಗೋಡೆ ಬಿದ್ದರೆ ಅದರ ಮರೆಯಲ್ಲಿದ್ದ ಸೈನಿಕರು ಬಯಲಿಗೆ ಬೀಳುತ್ತಾರೆ. ಇವರ ದೊಡ್ಡ ಮೆಕ್ ಗುಲ್ಯಾಯ್ ಗೊರೋದ್. ರಷ್ಯನ್ನರು 16ನೇ ಶತಮಾನದಲ್ಲಿ ಯುದ್ಧಕ್ಕೆ ಒಯ್ಯುತ್ತಿದ್ದ, ಗಾಡಿ ಮೇಲಿನ ಮರದ ಕೋಟೆಗೆ ಇದೇ ಹೆಸರಿತ್ತು. ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? ಬಯಲು ನಕ್ಷೆಯಲ್ಲಿ ಮಾತ್ರ, ಹತ್ತಿರ ಬರುವ ಮೊದಲೇ ಅರ್ಧ ಸೈನ್ಯ ಮುಗಿದಿರುತ್ತದೆ.

ನನ್ನ ಮನಸ್ಸು ನಿಂತಿದ್ದು ಪೊಲಾನಿಯಾ ಮೇಲೆ. ಎದುರಾಎದುರು ನಿಂತರೆ ಸೋಲು ಖಂಡಿತ, ಸುತ್ತಿ ಬಂದರೆ ಗೆಲುವು. ಈ ಆಟದಲ್ಲಿ ಮೆಕ್‌ಗಳ ಬೆನ್ನಿಗೆ ಬೀಳುವ ಪೆಟ್ಟೇ ಜಾಸ್ತಿ ತಾಗುವುದು. ಒಮ್ಮೆ ಒಂದು ಈಸೆಗ್ರಿಮ್ ನನ್ನ ಕಬ್ಬಿಣದ ಗಣಿ ಹತ್ತಿರ ಬಂದು ನಿಂತಿತ್ತು. ಉಳಿದಿದ್ದು ಎರಡು ರೈಫಲ್ ತುಕಡಿ. ಸತ್ತ ಶತ್ರುಗಳು ಬಿಟ್ಟುಹೋದ ಮೆಕ್‌ಗಳನ್ನು ಹೊಡೆಯುವ ಫಿರಂಗಿ ಅಲ್ಲೇ ಬಿದ್ದಿತ್ತು. ಒಂದು ತುಕಡಿ ಅದನ್ನು ಎತ್ತಿಕೊಂಡಿತು. ಇನ್ನೊಂದನ್ನು ಮರಳುಚೀಲಗಳ ಹಿಂದೆ ಕೂರಿಸಿ ಈಸೆಗ್ರಿಮ್‌ನ ಗಮನ ಹಿಡಿದಿಟ್ಟೆ. ಅದು ತಿರುಗುವಷ್ಟರಲ್ಲಿ ಬೆನ್ನಿಗೆ ಮೂರು ಗುಂಡು ಬಿದ್ದಿದ್ದವು. ಗಣಿ ಉಳಿಯಿತು, ಆಟವೂ ಉಳಿಯಿತು.

ಪೊಲಾನಿಯಾದ ನಾಯಕಿ ಆನಾ ಕೋಸ್ ಜೊತೆ ವೊಯ್ಟೆಕ್ ಎಂಬ ಕರಡಿ ಇರುತ್ತದೆ. ಆ ಹೆಸರಿನ ಕರಡಿ ನಿಜವಾಗಲೂ ಇತ್ತು. 1944ರಲ್ಲಿ ಇಟಲಿಯ ಮೊಂಟೆ ಕಸಿನೊ ಯುದ್ಧದಲ್ಲಿ ಪೋಲಿಷ್ ಸೈನಿಕರ ಜೊತೆಗಿತ್ತು, ಯುದ್ಧ ಮುಗಿದ ಮೇಲೆ ಎಡಿನ್‌ಬರೋ ಮೃಗಾಲಯದಲ್ಲಿ 1963ರವರೆಗೆ ಬದುಕಿತ್ತು. ಇದು ಗೊತ್ತಾದ ಮೇಲೆ ಆಟದಲ್ಲಿ ಆ ಕರಡಿಗೆ ಪೆಟ್ಟಾದರೆ ಮೊದಲು ಅದನ್ನೇ ಹಿಂದಕ್ಕೆ ಕರೆಸಿಕೊಳ್ಳುತ್ತೇನೆ.