ಸ್ಯಾಲಿಗೆ ಕಳಿಸಿದ ಕ್ಯಾಸೆಟ್‌ಗಳು: ‘ಫೆಲಿಸಿಟಿ’ ಡಿವಿಡಿ ಮತ್ತೆ ನೋಡಿದಾಗ

ಈ ಮಳೆಗಾಲದಲ್ಲಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸಿದೆ. ಒಳಗೆ ‘ಫೆಲಿಸಿಟಿ’ ಎಂಬ ಅಮೆರಿಕದ ಟಿವಿ ಧಾರಾವಾಹಿಯ ನಾಲ್ಕೂ ಡಿವಿಡಿ ಸೆಟ್ ಇದ್ದವು. ಫ್ರೆಶ್‌ಮನ್, ಸಾಫಮೋರ್, ಜೂನಿಯರ್, ಸೀನಿಯರ್ ಅಂತ ಕಾಲೇಜಿನ ಒಂದೊಂದು ವರ್ಷಕ್ಕೆ ಒಂದೊಂದು ಡಬ್ಬಿ. ಒಟ್ಟು 84 ಕಂತು. ಎರಡು ತಿಂಗಳು ರಾತ್ರಿ ಊಟ ಆದ ಮೇಲೆ ಒಂದೋ ಎರಡೋ ಕಂತಿನಂತೆ ಎಲ್ಲವನ್ನೂ ನೋಡಿ ಮುಗಿಸಿದೆ. ಈಗ ಕೊಳ್ಳಬಹುದಾ, ನೋಡಬಹುದಾ ಅಂತ ಕೇಳುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕಥೆಯ ಕೆಲವು ತಿರುವುಗಳು ಇಲ್ಲಿ ಬರುತ್ತವೆ, ಅದು ಗೊತ್ತಿರಲಿ.

ನಾನು 1999ರ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ನ್ಯೂಜೆರ್ಸಿಯ ಹೊಬೊಕನ್‌ಗೆ ಹೋದವಳು. ಸಾಗರದ ಹತ್ತಿರದ ಹಳ್ಳಿಯಿಂದ ಹೊರಟಾಗ ನನಗೆ 22 ವರ್ಷ. ನಾಲ್ಕು ಜನ ಹುಡುಗಿಯರ ಬಾಡಿಗೆ ಮನೆ. ಯಾರೋ ಬಿಟ್ಟುಹೋದ ಹಳೇ ಟಿವಿ, ಅದಕ್ಕೊಂದು ಆಂಟೆನಾ. ಅದರಲ್ಲಿ ಚೆನ್ನಾಗಿ ಬರುತ್ತಿದ್ದ ಚಾನೆಲ್‌ಗಳಲ್ಲಿ 11 ಒಂದು. ನ್ಯೂಯಾರ್ಕಿನಲ್ಲಿ ಡಬ್ಲ್ಯೂಬಿ ಎಂಬ ಟಿವಿ ಜಾಲದ ಕಾರ್ಯಕ್ರಮಗಳು ಬರುತ್ತಿದ್ದದ್ದು ಅದರಲ್ಲೇ. ಆ ವರ್ಷ ‘ಫೆಲಿಸಿಟಿ’ಯನ್ನು ಮಂಗಳವಾರದಿಂದ ಭಾನುವಾರ ರಾತ್ರಿಗೆ ಹಾಕಿದ್ದರು. ಭಾನುವಾರ ರಾತ್ರಿ ಎಂಟು ಗಂಟೆ ಅಂದರೆ ನಮಗೆ ವಾರದ ಅನ್ನ ಸಾರು ಮಾಡಿ ಡಬ್ಬಿಗೆ ತುಂಬುವ ಹೊತ್ತು. ಸೌಟು ಕೈಯಲ್ಲಿ ಹಿಡಿದುಕೊಂಡೇ ನಾನು ಮೊದಲ ಸಲ ಈ ಹುಡುಗಿಯನ್ನು ನೋಡಿದ್ದು.

ಹಾಗಾಗಿ ನಾನು ಕಥೆಗೆ ಕಾಲಿಟ್ಟಿದ್ದೇ ಎರಡನೇ ವರ್ಷದಿಂದ. ಮೊದಲ ವರ್ಷದ 22 ಕಂತುಗಳನ್ನು ಸರಿಯಾಗಿ ನೋಡಿದ್ದು 2002ರ ಕೊನೆಗೆ ಡಿವಿಡಿ ಬಂದ ಮೇಲೆ. ಕೆಲಸ ಸಿಕ್ಕಿ ಇನ್ನೂ ಕೆಲವೇ ತಿಂಗಳಾಗಿತ್ತು. ನನ್ನ ಸಂಬಳದಲ್ಲಿ ನನಗೆ ಅಂತ ಕೊಂಡ ಮೊದಲ ವಸ್ತುಗಳಲ್ಲಿ ಇದೂ ಒಂದು.

ಕಥೆ ಸರಳ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಹುಡುಗಿ ಫೆಲಿಸಿಟಿ ಪೋರ್ಟರ್. ಅಪ್ಪ ಡಾಕ್ಟರ್. ಮಗಳು ಸ್ಟ್ಯಾನ್‌ಫರ್ಡ್‌ಗೆ ಹೋಗಬೇಕು, ಡಾಕ್ಟರ್ ಆಗಬೇಕು ಅಂತ ಮನೆಯಲ್ಲಿ ನಿರ್ಧಾರ ಆಗಿಹೋಗಿದೆ. ಹೈಸ್ಕೂಲಿನ ಕೊನೆಯ ದಿನ, ತಾನು ದೂರದಿಂದಲೇ ಇಷ್ಟಪಟ್ಟಿದ್ದ ಬೆನ್ ಎಂಬ ಹುಡುಗನ ಮುಂದೆ ಇಯರ್‌ಬುಕ್, ಅಂದರೆ ಶಾಲೆ ಬಿಡುವಾಗ ಜೊತೆಯವರಿಂದ ನಾಲ್ಕು ಮಾತು ಬರೆಸಿಕೊಳ್ಳುವ ಪುಸ್ತಕ, ಹಿಡಿಯುತ್ತಾಳೆ. ಅವನು ಬರೆದುಕೊಟ್ಟ ನಾಲ್ಕು ಸಾಲು ಓದಿ, ಸ್ಟ್ಯಾನ್‌ಫರ್ಡ್ ಬಿಟ್ಟು, ಅವನು ಸೇರಿದ ನ್ಯೂಯಾರ್ಕಿನ ಕಾಲೇಜಿಗೇ ಹೋಗಿಬಿಡುತ್ತಾಳೆ. ಅಲ್ಲಿ ಹಾಸ್ಟೆಲ್ ನೋಡಿಕೊಳ್ಳುವ, ಅವಳಿಗಿಂತ ಮೇಲಿನ ತರಗತಿಯ ಹುಡುಗ ನೋಯೆಲ್ ಸಿಗುತ್ತಾನೆ. ಬೆನ್‌ನಾ, ನೋಯೆಲ್‌ನಾ? ನಾಲ್ಕು ವರ್ಷವೂ ಇದೇ ಪ್ರಶ್ನೆ ಅಂತ ಎಲ್ಲರೂ ಹೇಳುತ್ತಾರೆ. ಆಗ ನಮ್ಮ ಮನೆಯಲ್ಲೂ ಎರಡು ಪಕ್ಷ ಇದ್ದವು. ನಾನು ನೋಯೆಲ್ ಕಡೆ.

ಈ ಸಲ ನೋಡುವಾಗ ಆ ಪ್ರಶ್ನೆ ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ. ಹಿಡಿದದ್ದು ಕ್ಯಾಸೆಟ್.

ಫೆಲಿಸಿಟಿ ಹಾಸ್ಟೆಲ್ ಕೋಣೆಯಲ್ಲಿ ಕೂತು ಟೇಪ್ ರೆಕಾರ್ಡರಿಗೆ ಮಾತಾಡುತ್ತಾಳೆ. ‘ಡಿಯರ್ ಸ್ಯಾಲಿ’ ಅಂತ ಶುರು. ಸ್ಯಾಲಿ ಅವಳಿಗಿಂತ ದೊಡ್ಡವಳು, ಹಿಂದೆ ಪಾಠ ಹೇಳಿಕೊಟ್ಟವಳು, ಈಗ ದೂರದಲ್ಲಿ ಇರುವವಳು. ಅವಳೂ ಕ್ಯಾಸೆಟ್‌ನಲ್ಲೇ ಉತ್ತರ ಕೊಡುತ್ತಾಳೆ. ಆ ದನಿ ನಟಿ ಜನೀನ್ ಗರಾಫಲೊ ಅವರದು. ಸ್ವಲ್ಪ ದಣಿದ, ಆತುರವಿಲ್ಲದ ದನಿ. ಅದು ಕೇಳಿಸುತ್ತಿರುವಾಗ ಫೆಲಿಸಿಟಿ ಸುಮ್ನೆ ಕೂತಿರುತ್ತಾಳೆ. ಫೆಲಿಸಿಟಿಯಾಗಿ ನಟಿಸಿದ ಕೆರಿ ರಸೆಲ್‌ಗೆ 1999ರಲ್ಲಿ ಈ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಅದು ಯಾಕೆ ಬಂತು ಅಂತ ತಿಳಿಯಬೇಕಾದರೆ ಅವರು ಅಳುವ ದೃಶ್ಯ ನೋಡಬೇಕಿಲ್ಲ, ಈ ಕೇಳುವ ದೃಶ್ಯ ನೋಡಿ. ಕಣ್ಣು ಎಲ್ಲೋ ಇರುತ್ತದೆ. ಒಂದು ಮಾತು ನಾಟಿದ್ದು ಮುಖದಲ್ಲಿ ನಿಧಾನಕ್ಕೆ ಗೊತ್ತಾಗುತ್ತದೆ.

ನನಗೆ ಇದು ಯಾಕೆ ಇಷ್ಟು ಹತ್ತಿರ ಅಂದರೆ, ನಾನೂ ಕ್ಯಾಸೆಟ್ ಕಳಿಸುತ್ತಿದ್ದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮೊದಲೇ ದುಡ್ಡು ಕೊಟ್ಟು ಕೊಂಡ ಫೋನ್ ಕಾರ್ಡಿನ ಹತ್ತು ನಿಮಿಷದಲ್ಲಿ ಅಪ್ಪ, ಅಮ್ಮ, ಅಕ್ಕ ಮಾತಾಡಿ ಅಜ್ಜಿಯ ಸರದಿ ಬರುವಷ್ಟರಲ್ಲಿ ಲೈನ್ ಕಟ್ ಆಗುತ್ತಿತ್ತು. ಅದಕ್ಕೆ ಊರಿಗೆ ಹೋಗುವವರ ಕೈಯಲ್ಲಿ 60 ನಿಮಿಷದ ಕ್ಯಾಸೆಟ್ ಕೊಡುತ್ತಿದ್ದೆ. ಅಜ್ಜಿ ಅದರ ಇನ್ನೊಂದು ಬದಿಯಲ್ಲಿ ಮಾತಾಡಿ, ಬರುವವರ ಕೈಯಲ್ಲಿ ವಾಪಸ್ ಕಳಿಸುತ್ತಿದ್ದರು. ಒಂದು ಕ್ಯಾಸೆಟ್ ಇನ್ನೂ ನನ್ನ ಹತ್ತಿರ ಇದೆ. ಮೊದಲು ಬಟನ್ ಒತ್ತಿದ ಟಕ್ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಹಿತ್ತಲಲ್ಲಿ ಕಾಗೆ ಕೂಗುವುದು ಮಾತ್ರ. ಆಮೇಲೆ “ಕೂಸೆ, ಊಟ ಆತಾ?” ಅಂತ ಕೇಳಿ ಅಜ್ಜಿ ಸುಮ್ಮನಾಗುತ್ತಾರೆ. ನಾನು ಉತ್ತರ ಹೇಳಲಿ ಅಂತ ಕಾದಿದ್ದಾರೆ. ಹತ್ತು ಸೆಕೆಂಡ್ ಆದ ಮೇಲೆ ಅಡಿಕೆ ಕೊಯ್ಲಿನ ಸುದ್ದಿಗೆ ಹೋಗುತ್ತಾರೆ. ಹೊಬೊಕನ್‌ನ ಕೋಣೆಯಲ್ಲಿ ನಾನು ಆ ಹತ್ತು ಸೆಕೆಂಡಿನಲ್ಲಿ ಪ್ರತಿ ಸಲವೂ “ಆಯ್ತು ಅಜ್ಜಿ” ಅನ್ನುತ್ತಿದ್ದೆ.

ಈ ಧಾರಾವಾಹಿ ಮಾಡಿದವರು ಜೆ.ಜೆ. ಏಬ್ರಮ್ಸ್ ಮತ್ತು ಮ್ಯಾಟ್ ರೀವ್ಸ್. ಮುಂದೆ ಇಬ್ಬರೂ ತುಂಬ ದೊಡ್ಡ ಬಜೆಟ್ಟಿನ ಸಿನಿಮಾಗಳಿಗೆ ಹೋದರು. ಇಲ್ಲಿ ಅವರ ಹತ್ತಿರ ಇದ್ದದ್ದು ಒಂದು ಕೋಣೆ, ಒಂದು ಟೇಬಲ್ ಲ್ಯಾಂಪ್, ಎರಡು ಮುಖ. ಮೊದಲ ವರ್ಷದ ಕಂತುಗಳಲ್ಲಿ ಬೆಳಕು ಬಹಳ ಕಡಿಮೆ. ಎಲ್ಲವೂ ಕಂದು ಬಣ್ಣ, ಮಬ್ಬು. ಜನ ಮಾತು ಹುಡುಕುತ್ತಾರೆ, ತಡವರಿಸುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ. ಈಗಿನ ಧಾರಾವಾಹಿಗಳ ವೇಗಕ್ಕೆ ಅಭ್ಯಾಸವಾದವರಿಗೆ ಮೊದಲ ಎರಡು ಕಂತು ನಿಧಾನ ಅನ್ನಿಸಬಹುದು. ಮೂರನೆಯದರ ಹೊತ್ತಿಗೆ ಆ ನಿಧಾನವೇ ಬೇಕು ಅನ್ನಿಸುತ್ತದೆ.

ಮೊದಲ ಡಿಸ್ಕ್‌ಗಳನ್ನು ಅಕ್ಕನ ಮಗಳ ಜೊತೆ ನೋಡಿದೆ. ಅವಳು ಮಣಿಪಾಲದಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ, ರಜೆಗೆ ಬಂದಿದ್ದಳು. ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವಾಗ ಫೆಲಿಸಿಟಿ ಬೆನ್‌ನ ಅರ್ಜಿಯ ಫೈಲ್ ತೆಗೆದು ಓದುತ್ತಾಳೆ. ಅಲ್ಲಿ ಇವಳು ರಿಮೋಟ್ ಒತ್ತಿ ನಿಲ್ಲಿಸಿದಳು. “ಚಿಕ್ಕಮ್ಮ, ಇದು ತಪ್ಪಲ್ವಾ? ಇವಳನ್ನ ನಾವು ಯಾಕೆ ಇಷ್ಟಪಡಬೇಕು?” ಆಗ ನಮಗೆ ಯಾರಿಗೂ ಈ ಪ್ರಶ್ನೆ ಬಂದಿರಲಿಲ್ಲ. ಅಯ್ಯೋ ಪಾಪ, ಎಷ್ಟು ಪ್ರೀತಿ ಅಂದುಕೊಂಡಿದ್ದೆವು. ಅವಳು ಹೇಳಿದ್ದು ಸರಿ. ಒಬ್ಬನ ಹಿಂದೆ ದೇಶದ ಈ ತುದಿಯಿಂದ ಆ ತುದಿಗೆ ಹೋಗುವುದು, ಅವನಿಗೆ ಗೊತ್ತಿಲ್ಲದೆ ಅವನ ಕಾಗದ ಓದುವುದು, ಇವು ಇಂದು ನೋಡಿದರೆ ಮನಸ್ಸಿಗೆ ಕಸಿವಿಸಿ ಮಾಡುತ್ತವೆ. ಆದರೆ ಧಾರಾವಾಹಿ ಅದನ್ನು ಮುಚ್ಚಿಡುವುದಿಲ್ಲ. ಫೆಲಿಸಿಟಿಗೆ ನಾಚಿಕೆಯಾಗುತ್ತದೆ, ಬೆನ್‌ಗೆ ಸಿಟ್ಟು ಬರುತ್ತದೆ. ಅವಳು ಅದನ್ನು ಹೊತ್ತುಕೊಂಡೇ ಮುಂದೆ ಹೋಗಬೇಕಾಗುತ್ತದೆ.

ಅದೇ ವರ್ಷದ ನಡುವೆ ‘ಡ್ರಾಯಿಂಗ್ ದ ಲೈನ್’ ಅಂತ ಎರಡು ಭಾಗದ ಕಂತು ಇದೆ. ಫೆಲಿಸಿಟಿಯ ಗೆಳತಿ ಜೂಲಿಯ ಮೇಲೆ ಅವಳಿಗೆ ಪರಿಚಯದ, ಇಷ್ಟವೂ ಇದ್ದ ಹುಡುಗನೇ ಅತ್ಯಾಚಾರ ಮಾಡುತ್ತಾನೆ. ಜೂಲಿಗೇ ಅದನ್ನು ಏನಂತ ಕರೆಯಬೇಕು ಗೊತ್ತಾಗುವುದಿಲ್ಲ. 1998ರಲ್ಲಿ ಹದಿಹರೆಯದವರು ನೋಡುವ ಚಾನೆಲ್‌ನಲ್ಲಿ ಇಷ್ಟು ನೇರವಾಗಿ, ಇಷ್ಟು ಮೆಲ್ಲಗೆ ಇದನ್ನು ತೋರಿಸಿದ್ದಾರೆ. ಜೂಲಿಯಾಗಿ ಆಮಿ ಜೋ ಜಾನ್ಸನ್ ಅವರ ಅಭಿನಯ ಅದ್ಭುತ. ಆ ಎರಡು ಕಂತು ಮುಗಿಯುವವರೆಗೆ ಅಕ್ಕನ ಮಗಳು ಒಂದು ಮಾತೂ ಆಡಲಿಲ್ಲ. ಆಮೇಲೆ ತನ್ನ ಹಾಸ್ಟೆಲ್‌ನ ಸಂಗತಿ ಮಾತಾಡಿದಳು. ರಾತ್ರಿ ಒಂದೂವರೆ ಆಯ್ತು. ಅದು ಇಲ್ಲಿ ಬರೆಯುವ ವಿಷಯವಲ್ಲ. ಆದರೆ ಹಾಸ್ಟೆಲ್‌ಗೆ ಹೋಗುವ ಹುಡುಗಿ ಮನೆಯಲ್ಲಿದ್ದರೆ ಅವಳ ಜೊತೆ ಕೂತು ನೋಡಿ ಅಂತ ಹೇಳುವುದು ನನ್ನ ಕರ್ತವ್ಯ.

ನಮ್ಮ ಮನೆಗಳಿಗೆ ತೀರಾ ಗುರುತು ಹತ್ತುವ ಇನ್ನೊಂದು ಎಳೆ ಅಂದರೆ ಮೆಡಿಕಲ್. ಫೆಲಿಸಿಟಿಗೆ ಚಿತ್ರಕಲೆ ಬೇಕು, ಅಪ್ಪನಿಗೆ ಡಾಕ್ಟರ್ ಮಗಳು ಬೇಕು. ನನ್ನ ಪಿಯುಸಿ ದಿನಗಳೇ ಕಣ್ಣ ಮುಂದೆ ಬಂದವು. ಇಲ್ಲಿ ಅಪ್ಪನನ್ನು ಕೆಟ್ಟವನಾಗಿ ಮಾಡಿಲ್ಲ. ಮಗಳು ಹಾಳಾಗುತ್ತಾಳೆ ಅನ್ನುವ ಭಯ ಅವನ ಸಿಟ್ಟಿನ ಕೆಳಗೆ ಕಾಣುತ್ತದೆ.

ಎರಡನೇ ವರ್ಷದ ಶುರುವಿನಲ್ಲೇ ಫೆಲಿಸಿಟಿ ತನ್ನ ಗುಂಗುರು ಕೂದಲನ್ನು ಕತ್ತರಿಸಿಬಿಡುತ್ತಾಳೆ. ಇದು ಅಮೆರಿಕದ ಪತ್ರಿಕೆಗಳಲ್ಲಿ ಎಷ್ಟು ದೊಡ್ಡ ಸುದ್ದಿಯಾಯಿತು ಅಂದರೆ, ಪ್ರೇಕ್ಷಕರು ಕಡಿಮೆಯಾಗಿದ್ದಕ್ಕೂ ಕೂದಲೇ ಕಾರಣ ಅಂದುಬಿಟ್ಟರು. ವಾರದ ದಿನವನ್ನೇ ಬದಲಾಯಿಸಿದ್ದು ಯಾರಿಗೂ ಕಾಣಲಿಲ್ಲ. ನನಗಂತೂ ಕತ್ತರಿಸಿದ ಕೂದಲಿನ ಫೆಲಿಸಿಟಿಯೇ ಮೊದಲು ಪರಿಚಯ, ಹಾಗಾಗಿ ಅವಳೇ ನಿಜವಾದವಳು. ಈ ಡಬ್ಬಿಯಲ್ಲಿ ‘ಟ್ವಿಲೈಟ್ ಝೋನ್’ ಎಂಬ ವಿಚಿತ್ರ ಕಥೆಗಳ ಹಳೆಯ ಟಿವಿ ಸರಣಿಯ ಧಾಟಿಯಲ್ಲಿ ಮಾಡಿದ ಒಂದು ಕಪ್ಪುಬಿಳುಪು ಕಂತು ಇದೆ. ಆ ಹಳೆಯ ಸರಣಿಗೇ ಕೆಲಸ ಮಾಡಿದ್ದ ಲ್ಯಾಮಾಂಟ್ ಜಾನ್ಸನ್ ಅವರೇ ನಿರ್ದೇಶಕರು. ನೋಡಲು ಚೆಂದ, ಆದರೆ ಕಥೆಗೆ ಬೇಕಿರಲಿಲ್ಲ.

ಮೂರನೇ ವರ್ಷ 17 ಕಂತು ಮಾತ್ರ. ಅದರ ಜೀವ ಬೆನ್‌ನ ಕುಡುಕ ಅಪ್ಪನಾಗಿ ಬರುವ ಜಾನ್ ರಿಟ್ಟರ್. ಉಳಿದದ್ದು ಸಾಧಾರಣ.

ಕೊನೆಯ ವರ್ಷದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 17ನೇ ಕಂತಿಗೆ ಪದವಿ ಸಮಾರಂಭ ಬರುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಮುಗಿಯಬೇಕಿತ್ತು. ಆದರೆ ಚಾನೆಲ್ ಇನ್ನೂ ಐದು ಕಂತು ಕೇಳಿತು. ಅದಕ್ಕೆ ಫೆಲಿಸಿಟಿಯನ್ನು ಕಾಲದಲ್ಲಿ ಹಿಂದಕ್ಕೆ ಕಳಿಸಿ, ನೋಯೆಲ್‌ನನ್ನು ಆರಿಸಿಕೊಂಡಿದ್ದರೆ ಏನಾಗುತ್ತಿತ್ತು ಅಂತ ತೋರಿಸಿದರು. ನಾಲ್ಕು ವರ್ಷ ತಪ್ಪು ಮಾಡಿ, ಅದರ ಜೊತೆ ಬದುಕಲು ಕಲಿತ ಹುಡುಗಿಗೆ ಮಂತ್ರ ಹಾಕಿ ತಪ್ಪು ಅಳಿಸುವ ಅವಕಾಶ ಕೊಡುವುದು ಅವಳಿಗೇ ಅನ್ಯಾಯ. ಮೊದಲ ಸಲ ನೋಡುವವರು 17ಕ್ಕೆ ನಿಲ್ಲಿಸಿ. ಒಂದು ವಾರ ಬಿಟ್ಟು ಬೇಕಾದರೆ ಉಳಿದದ್ದು ನೋಡಿ.

ನನಗೆ ಅದಕ್ಕಿಂತ ಜಾಸ್ತಿ ಬೇಜಾರಾದದ್ದು, ವರ್ಷ ಕಳೆದಂತೆ ಸ್ಯಾಲಿಯ ದನಿ ಅಪರೂಪವಾಗುತ್ತಾ ಹೋಗುವುದು. ಮೊದಲ ಡಬ್ಬಿ ಉಳಿದ ಮೂರಕ್ಕಿಂತ ಮೇಲು ಅನ್ನುವುದಕ್ಕೆ ಇದೇ ನನ್ನ ಮುಖ್ಯ ಕಾರಣ.

ಇನ್ನು ಡಿವಿಡಿಯ ವಿಷಯ. ಚಿತ್ರ ಹಳೇ ಟಿವಿಯ 4:3 ಅಳತೆಯದು. ಈಗಿನ ಟಿವಿಗಳು ಅದನ್ನು ಅಗಲಕ್ಕೆ ಎಳೆದು ಎಲ್ಲರ ಮುಖ ಊದಿಸುತ್ತವೆ. ರಿಮೋಟ್‌ನಲ್ಲಿ 4:3 ಮಾಡಿಕೊಳ್ಳಿ, ಎರಡು ಕಡೆ ಕಪ್ಪು ಪಟ್ಟಿ ಬಂದರೆ ಬರಲಿ. ದೀಪ ಆರಿಸಿ ನೋಡಿ, ಇಲ್ಲದಿದ್ದರೆ ಆ ಮಬ್ಬು ಬೆಳಕಿನಲ್ಲಿ ಏನೂ ಕಾಣದು. ಟಿವಿಯಲ್ಲಿ ಬಂದಾಗ ಇದ್ದ ಕೆಲವು ಹಾಡುಗಳು ಡಿಸ್ಕ್‌ನಲ್ಲಿ ಇಲ್ಲ. ಹಕ್ಕಿನ ದುಡ್ಡಿನ ಕಾರಣಕ್ಕೆ ಬೇರೆ ಹಾಡು ಹಾಕಿದ್ದಾರೆ. ಹಳೆಯದನ್ನು ಕೇಳಿದವರಿಗೆ ಅಲ್ಲಲ್ಲಿ ಚುಚ್ಚುತ್ತದೆ. ಹೊಸಬರಿಗೆ ತಿಳಿಯುವುದಿಲ್ಲ.

ದೊಡ್ಡ ತೊಂದರೆ ರೀಜನ್ ಕೋಡ್, ಅಂದರೆ ಯಾವ ದೇಶಗಳ ಪ್ಲೇಯರ್‌ನಲ್ಲಿ ಡಿಸ್ಕ್ ಓಡಬೇಕು ಅಂತ ಹಾಕಿದ ಬೀಗ. ನನ್ನವು ಅಮೆರಿಕದ ಸೆಟ್, ರೀಜನ್ 1. ಭಾರತದ್ದು ರೀಜನ್ 5. ಇಲ್ಲಿನ ಡಿವಿಡಿ ಪ್ಲೇಯರ್ ಡಿಸ್ಕ್ ನುಂಗಿ, ಸ್ವಲ್ಪ ಹೊತ್ತು ಗುರುಗುಟ್ಟಿ, ವಾಪಸ್ ಉಗುಳಿತು. ಕೊನೆಗೆ ಲ್ಯಾಪ್‌ಟಾಪಿಗೆ ಹಾಕುವ ಯುಎಸ್‌ಬಿ ಡ್ರೈವ್ ತರಿಸಿದೆ. ಇಂಥ ಡ್ರೈವ್‌ಗಳಲ್ಲಿ ರೀಜನ್ ಬದಲಾಯಿಸಲು ಐದೇ ಸಲ ಅವಕಾಶ, ಆಮೇಲೆ ಅದು ಹಾಗೇ ನಿಂತುಬಿಡುತ್ತದೆ. ಹಾಗಾಗಿ ಒಂದು ಡ್ರೈವನ್ನು ಇದಕ್ಕೇ ಮೀಸಲಿಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಪ್ರತಿ ಡಿಸ್ಕಿನ ಹೊಳೆಯುವ ಬದಿಯ ಫೋಟೋ ಕೇಳಿ. ನನ್ನ ಸಾಫಮೋರ್ ಡಬ್ಬಿಯಲ್ಲಿ ಒಂದು ಡಿಸ್ಕ್ ಸಾಗಣೆಯಲ್ಲಿ ಗೀರು ಬಿದ್ದು ಹಾಳಾಯಿತು. ಅದೊಂದಕ್ಕಾಗಿ ಇಡೀ ಸೆಟ್ ಮತ್ತೆ ಕೊಳ್ಳಬೇಕಾಯಿತು. ಎಲ್ಲ ಬೇಡ ಅಂದರೆ ಫ್ರೆಶ್‌ಮನ್ ಡಬ್ಬಿ ಒಂದೇ ಸಾಕು, ಅದನ್ನು ಕಣ್ಣು ಮುಚ್ಚಿ ಕೊಳ್ಳಬಹುದು.

ಫೆಲಿಸಿಟಿ ಕಾಫಿ ಕೊಡುವ ಕೆಲಸ ಮಾಡುವ ಡೀನ್ ಅಂಡ್ ಡೆಲೂಕಾ ನಿಜವಾದ ಅಂಗಡಿ. ನ್ಯೂಯಾರ್ಕಿನ ಸೋಹೊದಲ್ಲಿ, ಬ್ರಾಡ್‌ವೇ ಮತ್ತು ಪ್ರಿನ್ಸ್ ಬೀದಿಯ ಮೂಲೆಯಲ್ಲಿ ಅವರ ದೊಡ್ಡ ಮಳಿಗೆ ಇತ್ತು. ಹೊಬೊಕನ್‌ನಿಂದ ನ್ಯೂಯಾರ್ಕಿಗೆ ಹೋಗುವ ಪಾತ್ ರೈಲು ಹತ್ತಿ, 9ನೇ ಬೀದಿಯಲ್ಲಿ ಇಳಿದು, ನಡೆದು ಹೋಗಿ ಅಲ್ಲಿ ಒಂದು ಕಾಫಿ ಕೊಂಡು ಅರ್ಧ ಗಂಟೆ ನಿಂತಿದ್ದೆ. ಧಾರಾವಾಹಿಯ ಬಹುಪಾಲು ಚಿತ್ರೀಕರಣ ಲಾಸ್ ಏಂಜಲೀಸ್‌ನಲ್ಲಿ ನಡೆದದ್ದು ಅಂತ ಆಮೇಲೆ ತಿಳಿಯಿತು. ಆ ಮಳಿಗೆ 2019ರಲ್ಲಿ ಮುಚ್ಚಿತು.

ಅಕ್ಕನ ಮಗಳು ರಜೆ ಮುಗಿಸಿ ಹೋಗುವಾಗ ಮೂರನೇ ಡಿಸ್ಕ್ ಅರ್ಧ ಆಗಿತ್ತು. ನಾನು ಎಲ್ಲ ನೋಡಿ ಮುಗಿಸಿದ ಮೇಲೆ ಫ್ರೆಶ್‌ಮನ್ ಡಬ್ಬಿಯನ್ನೂ ಡ್ರೈವನ್ನೂ ಅವಳಿಗೆ ಕಳಿಸಿದೆ. ಈಗ ಪ್ರತಿ ಕಂತು ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ದನಿ ಕಳಿಸುತ್ತಾಳೆ. ಮೊದಲ ಎರಡು ನಿಮಿಷ ನೋಯೆಲ್, ಬೆನ್. ಆಮೇಲೆ ಲ್ಯಾಬ್, ಮೆಸ್ ಊಟ, ಮಾತು ಬಿಟ್ಟ ಗೆಳತಿ. ನಿನ್ನೆಯದು ಒಂಬತ್ತು ನಿಮಿಷ ಇತ್ತು. ಅಡುಗೆಮನೆಯ ಕೆಲಸ ಎಲ್ಲ ಮುಗಿಸಿ, ಕೂತು ಕೇಳಿದೆ. ಉತ್ತರ ಇನ್ನೂ ಕಳಿಸಬೇಕು.