ಎರಡು ವರ್ಷದ ಬಳಕೆ: ಇಂಟರ್ನೆಟ್ ಚೆನ್ನಾಗಿದೆ, ತಪ್ಪು ವಿಳಾಸಕ್ಕೆ ಬರುವ ಜಾಹೀರಾತು ಬೇಡ

ಮೈಸೂರಿನ ನಮ್ಮ ಮನೆಗೆ ಈ ಫೈಬರ್ ಕನೆಕ್ಷನ್ ಹಾಕಿಸಿ ಎರಡು ವರ್ಷ ಆಯ್ತು. ತಿಂಗಳಿಗೆ 700 ರೂಪಾಯಿ ಚಿಲ್ಲರೆ. ವೇಗದ ಬಗ್ಗೆ ದೂರಿಲ್ಲ. ನನ್ನ ತಕರಾರು ಒಂದೇ.

ಪ್ರತಿ ತಿಂಗಳು ಒಂದನೇ ತಾರೀಖು ಅಪ್ಪ ಕಾಫಿ ಮುಗಿಸಿ, ಕನ್ನಡಕ ಒರೆಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಪೆನ್ಷನ್ ಬಂತಾ ನೋಡಬೇಕು. ಬುಕ್‌ಮಾರ್ಕ್ ಅವರಿಗೆ ಬೇಡ. ಡೈರಿಯಲ್ಲಿ ಬರೆದುಕೊಂಡ ವಿಳಾಸ ನೋಡಿ, ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾರೆ. ಒಂದು ಸಲ ಒಂದು ಅಕ್ಷರ ಬಿಟ್ಟುಹೋಯ್ತು. 'ಸೈಟ್ ಸಿಗಲಿಲ್ಲ' ಅಂತ ಬರಬೇಕಿತ್ತು. ಬಂದದ್ದು ಇಂಟರ್ನೆಟ್ ಕಂಪನಿಯ ಪುಟ. ಮೇಲೆ ಹುಡುಕುವ ಜಾಗ, ಕೆಳಗೆ ಸಾಲು ಸಾಲು ಲೋನ್ ಜಾಹೀರಾತು. "ಬ್ಯಾಂಕಿನವರು ಎಲ್ಲಾ ಬದಲಾಯಿಸಿಬಿಟ್ಟಿದ್ದಾರೆ ಕಣೋ, ಲಾಗಿನ್ ಎಲ್ಲಿ?" ಅಂದರು. ನನ್ನ ಎದೆ ಧಸಕ್ ಅಂತು.

ಇಲ್ಲದ ನಂಬರಿಗೆ ಫೋನ್ ಮಾಡಿದರೆ 'ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ' ಅಂತ ಕೇಳಿಸುತ್ತೆ, ಅಲ್ವಾ? ನಾವು ಒತ್ತಿದ ಸೈಟ್ ಹೆಸರಿಗೆ ಅದರ ಐಪಿ ವಿಳಾಸ, ಅಂದರೆ ನಂಬರ್, ಹುಡುಕಿಕೊಡೋದು ಡಿಎನ್‌ಎಸ್ ಸರ್ವರ್. ಅಂಥ ಹೆಸರೇ ಇಲ್ಲದಿದ್ದರೆ ಅದೂ ಹಾಗೇ 'ಇಲ್ಲ' ಅನ್ನಬೇಕು. ನಮ್ಮ ಇಂಟರ್ನೆಟ್ ಕಂಪನಿಯ ಸರ್ವರ್ 'ಇದೆ' ಅಂತ ಸುಳ್ಳು ಹೇಳಿ ತಮ್ಮ ಜಾಹೀರಾತು ಪುಟದ ಐಪಿ ವಿಳಾಸ ಕೊಡುತ್ತೆ. 2003ರ ಸೆಪ್ಟೆಂಬರ್‌ನಲ್ಲಿ ಡಾಟ್ ಕಾಮ್, ಡಾಟ್ ನೆಟ್ ಹೆಸರುಗಳ ಪಟ್ಟಿ ನೋಡಿಕೊಳ್ಳುವ ವೆರಿಸೈನ್ ಕಂಪನಿ, ಅಲ್ಲಿ ಇಲ್ಲದ ಹೆಸರುಗಳಿಗೆಲ್ಲ ಇದನ್ನೇ ಮಾಡಿತ್ತು. ಸ್ಪ್ಯಾಮ್ ತಡೆಯುವ ಸಾಫ್ಟ್‌ವೇರ್‌ಗಳೂ ಎಡವಿದವು. ಇಂಟರ್ನೆಟ್ ಹೆಸರುಗಳ ಮೇಲ್ವಿಚಾರಣೆ ಮಾಡುವ ಐಕ್ಯಾನ್ ಸಂಸ್ಥೆ ಪಟ್ಟು ಹಿಡಿದ ಮೇಲೆ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಇಷ್ಟು ವರ್ಷದ ಮೇಲೂ ನಮ್ಮ ಮನೆಯಲ್ಲಿ ಅದೇ ಕಥೆ.

ಕಸ್ಟಮರ್ ಕೇರ್‌ನವರು "ನಿಮ್ಮ ಅನುಕೂಲಕ್ಕೇ ಸರ್" ಅಂದರು. ಪುಟದ ತಳದಲ್ಲಿ 'ಬೇಡ' ಅನ್ನುವ ಲಿಂಕ್ ಇತ್ತು, ಒತ್ತಿದೆ. ಅದು ಬರೀ ಒಂದು ಕುಕೀ, ಬ್ರೌಸರ್ ಒಳಗೆ ಉಳಿಯುವ ಚಿಕ್ಕ ಗುರುತು ಅಷ್ಟೇ. ಬ್ರೌಸರ್ ಕ್ಲಿಯರ್ ಮಾಡಿದ ದಿನ ಜಾಹೀರಾತು ಮತ್ತೆ ಹಾಜರ್.

ಕೊನೆಗೆ ರೂಟರ್ ಸೆಟ್ಟಿಂಗ್‌ಗೆ ಹೋಗಿ ಡಿಎನ್‌ಎಸ್ ಜಾಗದಲ್ಲಿ 1.1.1.1, ಅದರ ಕೆಳಗೆ 8.8.8.8 ಹಾಕಿದೆ. ಮೊದಲನೆಯದು ಕ್ಲೌಡ್‌ಫ್ಲೇರ್ ಕಂಪನಿಯ, ಎರಡನೆಯದು ಗೂಗಲ್‌ನ ಡಿಎನ್‌ಎಸ್ ಸರ್ವರ್; ಇಲ್ಲದ ಹೆಸರಿಗೆ 'ಇಲ್ಲ' ಅಂತಲೇ ಹೇಳುತ್ತವೆ. ಐದು ನಿಮಿಷದ ಕೆಲಸ, ದುಡ್ಡು ಖರ್ಚಿಲ್ಲ.

ಕನೆಕ್ಷನ್ ಬಿಡಲ್ಲ. ಜುಲೈ ಮಳೆಯಲ್ಲಿ ಕೇಬಲ್ ಕಿತ್ತುಹೋದಾಗ ಲೈನ್‌ಮ್ಯಾನ್ ನೆನೆದುಕೊಂಡೇ ಬಂದು ಸರಿಮಾಡಿ ಹೋದರು, ಅದನ್ನು ಮರೆಯೋಕಾಗಲ್ಲ. ಅವರಿಗೆ ಐದಕ್ಕೆ ಐದು, ಕಂಪನಿಗೆ ಮೂರು.

ಈ ತಿಂಗಳು ಅಪ್ಪ ಮತ್ತೆ ಅಕ್ಷರ ತಪ್ಪಿದರು. 'ಸೈಟ್ ಸಿಗಲಿಲ್ಲ' ಅಂತ ಬಂತು. ಡೈರಿ ನೋಡಿ, ಬಿಟ್ಟುಹೋದ ಅಕ್ಷರ ಸೇರಿಸಿ, ಎಂಟರ್ ಒತ್ತಿದರು.