ಬೀದರ್‌ನ ಅಷ್ಟೂರು ಗುಮ್ಮಟಗಳು: ಹೊರಗೆ ನಿಂತು ಸೆಲ್ಫಿ ತೆಗೆದು ಬರಬೇಡಿ

ಬೀದರ್‌ಗೆ ಬಂದವರು ಕೋಟೆ ನೋಡ್ತಾರೆ, ಗುರುದ್ವಾರಕ್ಕೆ ಹೋಗ್ತಾರೆ, ನರಸಿಂಹ ಝರಣಿಯಲ್ಲಿ ಎದೆಮಟ್ಟ ನೀರಲ್ಲಿ ನಡೆದು ಬರ್ತಾರೆ. ಅಷ್ಟೂರು ಮಾತ್ರ ಉಳಿದೇ ಹೋಗುತ್ತದೆ. ಹೋದವರೂ ಅರ್ಧ ಬಿದ್ದ ಗುಮ್ಮಟದ ಮುಂದೆ ನಾಲ್ಕು ಫೋಟೊ ತೆಗೆದು ಗಾಡಿ ಹತ್ತುತ್ತಾರೆ. ಇಷ್ಟಕ್ಕೇ ಆದರೆ ಅಲ್ಲಿತನಕ ಹೋಗುವ ಅಗತ್ಯವೇ ಇಲ್ಲ, ಆ ಫೋಟೊ ನೆಟ್‌ನಲ್ಲೇ ಬೇಕಾದಷ್ಟಿವೆ.

ಊರಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್. ಬೀದರ್ ಎತ್ತರದಲ್ಲಿದೆ, ಅಷ್ಟೂರಿಗೆ ರಸ್ತೆ ಕೆಳಗಿಳಿಯುತ್ತದೆ, ಹಾಗಾಗಿ ದೂರದಿಂದಲೇ ಹೊಲಗಳ ನಡುವೆ ಗುಮ್ಮಟಗಳ ಸಾಲು ಕಾಣುತ್ತದೆ. ಆಟೋದಲ್ಲಿ ಹೋಗಬಹುದು, ಆದರೆ ವಾಪಸ್ ಬರಲು ಅಲ್ಲಿ ಆಟೋ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಕಾಯೋದಕ್ಕೂ ಸೇರಿಸಿ ರೇಟು ಮೊದಲೇ ಮಾತಾಡಿಕೊಳ್ಳಿ.

ಇದು ಬಹಮನಿ ಸುಲ್ತಾನರ ಗೋರಿಗಳ ಜಾಗ. ನಮ್ಮ ಕಲಬುರಗಿಯವರಿಗೆ ತಮ್ಮೂರಿನ ಬಹಮನಿ ಗೋರಿಗಳಾದ ಹಫ್ತ್ ಗುಂಬಜ್ ಗೊತ್ತೇ ಇದೆಯಲ್ವಾ, ಅಲ್ಲಿ ಫಿರೋಜ್ ಶಾಗೆ ನಿಂತ ಸಾಲು ಇಲ್ಲಿ ಅವನ ತಮ್ಮ ಅಹಮದ್ ಶಾನಿಂದ ಮುಂದುವರಿಯುತ್ತದೆ. 1422ರಲ್ಲಿ ಪಟ್ಟಕ್ಕೆ ಬಂದ ಈತನೇ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದವನು. ಎರಡೂ ಕಡೆ ನೋಡಿದವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ದಾರಿ ಶುರುವಾದ ಮೇಲಂತೂ ಎರಡನ್ನೂ ನೋಡೋದು ಕಷ್ಟವೇನಲ್ಲ.

ಈಗ ಮುಖ್ಯ ವಿಷಯ. ಅಹಮದ್ ಶಾ ಗುಮ್ಮಟ ಹೊರಗಿನಿಂದ ಸಾದಾ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಮೊದಲು ಬರೀ ಕತ್ತಲೆ, ಏನೂ ಕಾಣಲ್ಲ, ಬಹಳ ಜನ ಇಲ್ಲೇ ಒಂದು ಸುತ್ತು ಹಾಕಿ ಹೊರಗೆ ಬಂದುಬಿಡ್ತಾರೆ. ನಾವು ಹೋದಾಗ ಅಲ್ಲಿ ನೋಡಿಕೊಳ್ಳುವ ಹಿರಿಯರೊಬ್ಬರು ಬಾಗಿಲ ಹತ್ತಿರ ಬಿಸಿಲಿಗೆ ಒಂದು ಕನ್ನಡಿ ಹಿಡಿದರು. ಬೆಳಕಿನ ತುಂಡೊಂದು ಗೋಡೆ ಮೇಲೆ ಬಿತ್ತು. ಕನ್ನಡಿ ಸ್ವಲ್ಪ ವಾಲಿಸಿದ ಹಾಗೆ ಅದು ಮೇಲಕ್ಕೆ ಹತ್ತುತ್ತಾ ಹೋಯ್ತು, ಹೋದಲ್ಲೆಲ್ಲ ಕುಂಕುಮದಂಥ ಕೆಂಪು, ನೀಲಿ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರಗಳು, ಬಳ್ಳಿಗಳು, ಆಮೇಲೆ ಗುಮ್ಮಟದ ಒಳಮೈ ಪೂರ್ತಿ ಬಣ್ಣ. ಸುಮಾರು ಆರುನೂರು ವರ್ಷದ ಬಣ್ಣ ಇದು! ಬರವಣಿಗೆಯಲ್ಲಿ ಇರಾನಿನ ಕಿರ್ಮಾನ್ ಕಡೆಯ ಸೂಫಿ ಶಾ ನಿಯಾಮತುಲ್ಲಾ ಅವರ ಗುರುಪರಂಪರೆಯೂ ಇದೆ, ಅಹಮದ್ ಶಾ ಅವರ ಭಕ್ತನಾಗಿದ್ದ. ಮೊಬೈಲ್ ಟಾರ್ಚ್ ಅಷ್ಟು ಎತ್ತರಕ್ಕೆ ಸಾಲೋದಿಲ್ಲ. ಆದ್ದರಿಂದ ಬಿಸಿಲು ಚೆನ್ನಾಗಿರುವಾಗಲೇ ಹೋಗಿ. ಸಂಜೆ ತಂಪಲ್ಲಿ ಹೋಗೋಣ ಅಂದ್ರೆ ಹೊರಗಡೆ ಚೆಂದ, ಒಳಗಡೆ ಸೊನ್ನೆ.

ಸುಲ್ತಾನ ಅಹಮದ್ ಶಾನನ್ನು ಜನ ವಲಿ, ಅಂದ್ರೆ ಸಂತ, ಅಂತ ಕರೀತಾರೆ, ಗೋರಿಗೆ ಹೂವು, ಚಾದರ ಬರುತ್ತದೆ. ಲಿಂಗಾಯತರಲ್ಲಿ ಇವನನ್ನು ಅಲ್ಲಮಪ್ರಭುವಿನ ರೂಪ ಅಂತ ನಂಬುವವರಿದ್ದಾರೆ. ಪ್ರತಿವರ್ಷ ಹೋಳಿ ಹುಣ್ಣಿಮೆ ಆಸುಪಾಸಿನ ಜಾತ್ರೆಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರಬೇಕು, ಅವರಿಲ್ಲದೆ ನಡೆಯೋದಿಲ್ಲ. ಉರುಸೂ ಹೌದು, ಜಾತ್ರೆಯೂ ಹೌದು. ಜನ ನೋಡಬೇಕಾದರೆ ಆಗ ಹೋಗಿ. ಚಿತ್ರ ನೋಡಬೇಕಾದರೆ ಆಗ ಮಾತ್ರ ಬೇಡ, ನಿಲ್ಲೋದಕ್ಕೂ ಜಾಗ ಇರಲ್ಲ.

ಪಕ್ಕದಲ್ಲಿ ಮಗ ಅಲ್ಲಾವುದ್ದೀನನ ಗುಮ್ಮಟ. ಮುಖದ ಮೇಲೆ ಬಣ್ಣದ ಹೆಂಚಿನ ತುಂಡುಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ, ಸುತ್ತ ಕರಿಕಲ್ಲಿನ ಕೆತ್ತನೆಯ ಅಂಚು. ಹತ್ತಿರ ಹೋಗಿ ನೋಡಿದರೆ ಮಾತ್ರ ನೀಲಿ ಕಾಣೋದು.

ಫೋಟೊದವರ ಗುಮ್ಮಟ ಹುಮಾಯೂನನದು. 1458ರಿಂದ 1461ರವರೆಗೆ ಆಳಿದ, ಕ್ರೌರ್ಯಕ್ಕೆ ‘ಜಾಲಿಂ’ ಅಂತ ಹೆಸರಾದವನು. ಸಿಡಿಲು ಬಡಿದು ಗುಮ್ಮಟ ಸೀಳಿದೆ, ಒಂದು ಭಾಗ ಮಾತ್ರ ನಿಂತಿದೆ. ದೇವರೇ ಶಿಕ್ಷೆ ಕೊಟ್ಟ ಅನ್ನೋ ಮಾತು ಜನರ ಬಾಯಲ್ಲಿದೆ, ಸಿಡಿಲಿಗೆ ಇತಿಹಾಸ ಏನು ಗೊತ್ತು ಬಿಡಿ. ನನಗೆ ಇಷ್ಟವಾಗಿದ್ದು ಬೇರೆ: ಗೋಡೆ ಎಷ್ಟು ದಪ್ಪ, ಗುಮ್ಮಟ ಮೇಲೆ ಹೇಗೆ ಬಾಗುತ್ತದೆ ಅನ್ನೋದು ಇಲ್ಲಿ ಕುಂಬಳಕಾಯಿ ಸೀಳಿ ಇಟ್ಟ ಹಾಗೆ ಕಾಣುತ್ತದೆ. ಉಳಿದವುಗಳಲ್ಲಿ ಕೆಲವು ಅರ್ಧಕ್ಕೇ ನಿಂತಿವೆ, ಬೇಗ ನೋಡಿ ಮುಗಿಸಬಹುದು.

ತಕರಾರು ಇದೆ. ಹೆಸರು ಕೆತ್ತುವವರ ಕಾಟ ಇಲ್ಲೂ ತಪ್ಪಿಲ್ಲ, ಕೈ ಎಟಕುವಷ್ಟು ಎತ್ತರದಲ್ಲಿ ಪ್ರೇಮಿಗಳ ಹೆಸರು, ಬಾಣ ಬಿದ್ದ ಹೃದಯ. ಇವರಿಗೆ ಏನು ಹೇಳೋದು? ಕುಡಿಯೋ ನೀರು ನೀವೇ ತಗೊಂಡು ಹೋಗಿ, ಏಪ್ರಿಲ್, ಮೇ ಬಿಸಿಲಲ್ಲಿ ಆ ಬಯಲು ಸುಡುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೇದು. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅದರಲ್ಲಿ ಮೂರು ಆ ಬಣ್ಣಗಳಿಗೆ.

ವಾಪಸ್ ಬರುವಾಗ ದಾರಿಯಲ್ಲೇ ಚೌಖಂಡಿ ಸಿಗುತ್ತದೆ, ಶಾ ನಿಯಾಮತುಲ್ಲಾ ಅವರ ಮಗ ಖಲೀಲುಲ್ಲಾ ಅವರ ಗೋರಿ. ಎಂಟು ಮೂಲೆಯ ಎತ್ತರದ ಗೋಡೆ, ಮೆಟ್ಟಿಲು ಹತ್ತಿ ಹೋಗಬೇಕು. ಬಾಗಿಲ ಕಮಾನಿನ ಮೇಲೆ ಕರಿಕಲ್ಲಲ್ಲಿ ಕೊರೆದ ಅಕ್ಷರ ನೋಡಿ, ಕಾಗದದ ಮೇಲೆ ಲೇಖನಿಯಲ್ಲೂ ಅಷ್ಟು ನಯವಾಗಿ ಬರೆಯೋಕಾಗಲ್ಲ. ಇಲ್ಲೂ ನಿಲ್ಲಿಸಬೇಕು ಅಂತ ಆಟೋದವರಿಗೆ ಹೋಗುವಾಗಲೇ ಹೇಳಿಡಿ, ಇಲ್ಲಾಂದ್ರೆ ಸೀದಾ ಊರಿಗೇ ಬಿಡ್ತಾರೆ.